ಪಿಸ್ತೂಲಿನ ಪರೀಕ್ಷೆ: ಜಾನ್ ಮೋಸೆಸ್ ಬ್ರೌನಿಂಗನ ಚರಿತ್ರೆ

ಪಿಸ್ತೂಲಿನಂತಹ ವಸ್ತುವಿನ ವಿಷಯವಾಗಿ ಬರೆಯುವುದು ಈ ಅಂಕಣಕ್ಕೆ ತಕ್ಕುದೇ ಎಂದು ನಮ್ಮ ವಾಚಕರಲ್ಲಿ ಕೆಲವರು ಹುಬ್ಬುಗಂಟಿಕ್ಕಬಹುದು. ಕೊಲ್ಲುವುದಕ್ಕೆಂದೇ ನಿರ್ಮಿತವಾದ ಸಾಧನದಲ್ಲಿ ಮೆಚ್ಚತಕ್ಕುದೇನಿದೆ ಎಂಬ ಸಂಕೋಚವು ನಮಗೂ ಇಲ್ಲದಿಲ್ಲ. ಆದರೂ ಒಂದು ರಾಷ್ಟ್ರವು ತನ್ನ ಸೈನಿಕನ ಕೈಗೆ ಕೊಡತಕ್ಕ ಆಯುಧವನ್ನು ಹೇಗೆ ಆರಿಸಿತು, ಆ ಆಯ್ಕೆಯಲ್ಲಿ ಗೆದ್ದ ಕಸಬುದಾರನು ಎಂಥವನು ಎಂಬುದು, ದಿನವೂ ಟೆಂಡರು ಮಂಜೂರಾತಿಗಳ ನಡುವೆ ಕೆಲಸಮಾಡುವ ಅಧಿಕಾರಿವರ್ಗಕ್ಕೂ ಉಳಿದ ನಾಗರಿಕರಿಗೂ ತಿಳಿದಿರತಕ್ಕ ಸಂಗತಿಯೆಂದು ನಾವು ಬಗೆಯುತ್ತೇವೆ.

ಜಾನ್ ಮೋಸೆಸ್ ಬ್ರೌನಿಂಗನು 1855ನೆಯ ಇಸವಿಯ ಜನವರಿಯಲ್ಲಿ ಅಮೇರಿಕದ ಯೂಟಾ ಪ್ರಾಂತದ ಆಗ್ಡೆನ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ಜಾನಥನ್ ಬ್ರೌನಿಂಗನು ಬಂದೂಕು ಮಾಡುವ ಕಸಬಿನವನು. ಮಾರ್ಮನ್ ಪಂಥವನ್ನು ಸೇರಿ, ಆ ಪಂಥದವರೊಡನೆ ಪಶ್ಚಿಮದ ಮರುಭೂಮಿಯನ್ನು ಹೊಕ್ಕು ನೆಲೆಸಿದವನು. ಆ ಪಂಥದ ಅಂದಿನ ಪದ್ಧತಿಯಂತೆ ಅವನಿಗೆ ಮೂವರು ಹೆಂಡಿರು, ಇಪ್ಪತ್ತೆರಡು ಮಂದಿ ಮಕ್ಕಳು. ಇಷ್ಟು ದೊಡ್ಡ ಸಂಸಾರದಲ್ಲಿ ಹುಡುಗನಿಗೆ ದೊರೆತ ನಿಜವಾದ ಪಾಠಶಾಲೆ ತಂದೆಯ ಅಂಗಡಿಯೇ. ಮುರಿದ ಬಂದೂಕುಗಳ ಬಿಡಿಭಾಗಗಳೇ ಅವನ ಆಟಿಕೆಗಳು. ಬಾಲ್ಯದಲ್ಲಿಯೇ ಗುಜರಿಯ ತುಣುಕುಗಳನ್ನು ಜೋಡಿಸಿ ಒಂದು ಕೋವಿಯನ್ನು ಮಾಡಿದನೆಂದು ಪ್ರತೀತಿ. 1879ರಲ್ಲಿ ತಂದೆ ತೀರಿಕೊಂಡನು. ಅದೇ ವರ್ಷದ ಅಕ್ಟೋಬರಿನಲ್ಲಿ ಮಗನಿಗೆ, ಒಂದೊಂದೇ ಗುಂಡನ್ನು ಹಾಕಿ ಹಾರಿಸತಕ್ಕ ರೈಫಲಿನ ಸಲುವಾಗಿ, ಮೊದಲನೆಯ ಪೇಟೆಂಟು ದೊರೆಯಿತು. ಅಣ್ಣತಮ್ಮಂದಿರು ಕೂಡಿ ಊರಿನಲ್ಲಿಯೇ ಚಿಕ್ಕ ಕಾರ್ಖಾನೆಯನ್ನು ತೆರೆದರು.

ಆ ರೈಫಲುಗಳಲ್ಲೊಂದು ವಿಂಚೆಸ್ಟರ್ ಕಂಪನಿಯವರ ಕಣ್ಣಿಗೆ ಬಿದ್ದಿತು. 1883ರಲ್ಲಿ ಕಂಪನಿಯ ಉಪಾಧ್ಯಕ್ಷನಾದ ಬೆನೆಟ್ಟನು ತಾನೇ ಆಗ್ಡೆನ್ನಿಗೆ ಬಂದು 8,000 ಡಾಲರಿಗೆ ಅದರ ಹಕ್ಕನ್ನು ಕೊಂಡುಹೋದನು. ಅಲ್ಲಿಂದ ಮುಂದೆ ಹತ್ತೊಂಬತ್ತು ವರ್ಷಗಳ ಕಾಲ ಬ್ರೌನಿಂಗನು ರೂಪಿಸುವುದು, ವಿಂಚೆಸ್ಟರಿನವರು ಕೊಳ್ಳುವುದು, ಹೀಗೆ ನಡೆಯಿತು. 1886, 1892, 1894ನೆಯ ನಮೂನೆಗಳೆಂದು ಬೇಟೆಗಾರರು ಹೆಸರಿಸುವ ರೈಫಲುಗಳೆಲ್ಲ ಅವನವೇ. ಆದರೆ ಕೊಂಡ ನಮೂನೆಗಳಲ್ಲಿ ಮಾರುಕಟ್ಟೆಗೆ ಬಂದವು ಕೆಲವು ಮಾತ್ರ. ಉಳಿದವನ್ನು, ಪ್ರತಿಸ್ಪರ್ಧಿಗಳ ಕೈಸೇರದಿರಲೆಂದು, ಕಂಪನಿಯು ಕಪಾಟಿನಲ್ಲಿಟ್ಟು ಬೀಗಹಾಕಿತು. ವ್ಯಾಪಾರದ ನೀತಿಯಲ್ಲಿ ಇದು ತಪ್ಪೆನಿಸದು; ಆದರೂ ಶಿಲ್ಪಿಯ ಮನಸ್ಸಿಗೆ ಇದಕ್ಕಿಂತ ಕಹಿಯಾದುದು ಇನ್ನಾವುದಿರಬಲ್ಲುದು?

ಸ್ವಯಂಚಾಲಿತ ಆಯುಧದ ವಿಚಾರವು ಅವನಿಗೆ ಹೊಳೆದುದು ಅತಿ ಸಾಮಾನ್ಯವಾದ ಒಂದು ದೃಶ್ಯದಿಂದ. ಗುಂಡು ಹಾರಿದಾಗ ಕೋವಿಯ ಬಾಯಿಂದ ಹೊಮ್ಮಿದ ಗಾಳಿಯ ರಭಸಕ್ಕೆ ಮುಂದಿನ ಹುಲ್ಲುಗಿಡಗಳು ಬಾಗುವುದನ್ನು ಅವನು 1889ರಲ್ಲಿ ಕಂಡನು. ಎಲ್ಲರೂ ಕಂಡ ನೋಟವೇ ಅದು. ವ್ಯರ್ಥವಾಗಿ ಹೋಗುತ್ತಿರುವ ಈ ಬಲವನ್ನೇ ಹಿಡಿದು ಮುಂದಿನ ಗುಂಡನ್ನು ತುಂಬಿಸುವ ಕೆಲಸಕ್ಕೆ ಹಚ್ಚಬಾರದೇಕೆ ಎಂದು ಕೇಳಿಕೊಂಡವನು ಅವನು. ಈ ಯೋಚನೆಯಿಂದ ಕೋಲ್ಟ್ ಕಂಪನಿಯ 1895ರ ಮಶೀನ್‌ಗನ್ನು ಹುಟ್ಟಿತು. ಅದೇ ಕಾಲದಲ್ಲಿ ಅವನ ಲಕ್ಷ್ಯವು ಪಿಸ್ತೂಲಿನ ಕಡೆಗೂ ಹೊರಳಿತು. 1897ರಲ್ಲಿ ಬೆಲ್ಜಿಯಮ್ಮಿನ ಲಿಯೇಜ್ ನಗರದ ಬಳಿಯ ಎಫ್.ಎನ್. ಕಾರ್ಖಾನೆಯೊಡನೆ ಒಪ್ಪಂದವಾಯಿತು. ಅಲ್ಲಿ ತಯಾರಾದ ಚಿಕ್ಕ ಪಿಸ್ತೂಲುಗಳು ಯುರೋಪಿನಲ್ಲಿ ಎಷ್ಟು ಹರಡಿದುವೆಂದರೆ, ಫ್ರೆಂಚ್ ಮೊದಲಾದ ಭಾಷೆಗಳಲ್ಲಿ ಬ್ರೌನಿಂಗ್ ಎಂಬುದು ಪಿಸ್ತೂಲೆಂಬ ಅರ್ಥದ ಸಾಮಾನ್ಯ ನಾಮವೇ ಆಯಿತು.

ಅಮೇರಿಕದ ಸೈನ್ಯವು ಹೊಸ ಪಿಸ್ತೂಲನ್ನು ಹುಡುಕಲು ಹೊರಟ ಕಾರಣವು ಅಷ್ಟೇನೂ ಹೆಮ್ಮೆಯದಲ್ಲ. 1898ರಲ್ಲಿ ಸ್ಪೇನನ್ನು ಸೋಲಿಸಿ ಫಿಲಿಪೈನ್ ದ್ವೀಪಗಳನ್ನು ವಶಪಡಿಸಿಕೊಂಡ ಆ ಪ್ರಜಾರಾಜ್ಯವು, ಅಲ್ಲಿಯ ಜನರ ಸ್ವಾತಂತ್ರ್ಯದ ಹಂಬಲವನ್ನು ಬಲದಿಂದ ಅಡಗಿಸಿತು. ದಕ್ಷಿಣದ ಮೊರೋ ಜನರು ಹೊಸ ಒಡೆಯರಿಗೆ ಮಣಿಯದೆ ಎದುರುಬಿದ್ದರು. ಸೈನ್ಯದ .38 ಅಂಗುಲದ ರಿವಾಲ್ವರಿನ ಗುಂಡುಗಳು ಅವರನ್ನು ತಡೆಯಲಾರವೆಂಬ ದೂರು ಕೇಳಿಬಂದಿತು. 1904ರಲ್ಲಿ ಥಾಮ್ಸನ್, ಲಾಗಾರ್ಡ್ ಎಂಬಿಬ್ಬರು ಅಧಿಕಾರಿಗಳು ದನಗಳ ಮೇಲೂ ಹೆಣಗಳ ಮೇಲೂ ಗುಂಡು ಹಾರಿಸಿ ನೋಡಿ, .45 ಅಂಗುಲಕ್ಕೆ ಕಡಮೆಯಾದ ಗುಂಡು ಸಾಲದೆಂದು ವರದಿಯಿತ್ತರು. ಆ ಪ್ರಯೋಗಗಳನ್ನು ವಿವರಿಸಲು ನಮ್ಮ ಲೇಖನಿಯು ಒಪ್ಪದು.

ಆದರೆ ಆಮೇಲಿನ ಆಯ್ಕೆಯ ಕ್ರಮವು ವಿವರಿಸತಕ್ಕದ್ದೇ. ಸೈನ್ಯವು ಹೆಸರಾಂತ ಸ್ವದೇಶೀ ಕಂಪನಿಯೊಂದಕ್ಕೆ ನೇರವಾಗಿ ಆರ್ಡರು ಕೊಟ್ಟು ಕೈತೊಳೆದುಕೊಳ್ಳಲಿಲ್ಲ. 1907ರ ಪರೀಕ್ಷೆಗೆ ಪರದೇಶದವರನ್ನೂ ಕರೆಯಲಾಯಿತು. ಜರ್ಮನಿಯ ಲ್ಯೂಗರ್ ಪಿಸ್ತೂಲು ಸಹ.45ರ ಅಳತೆಯಲ್ಲಿ ತಯಾರಾಗಿ ಬಂದಿತು. ಅದು ನೋಡಲು ಗಡಿಯಾರದಂತೆ ನಾಜೂಕಾದ ಕೆಲಸ. ಆದರೆ ಮುಂದಿನ ಸುತ್ತಿನಿಂದ ಜರ್ಮನರು ತಾವಾಗಿಯೇ ಹಿಂದೆಗೆದರು. ಕಣದಲ್ಲಿ ಉಳಿದವು ಬ್ರೌನಿಂಗನು ರೂಪಿಸಿದ ಕೋಲ್ಟ್ ಮತ್ತು ಸ್ಯಾವೇಜ್ ಎರಡೇ. ಎರಡನ್ನೂ ಸೈನಿಕರ ಕೈಗೆ ಕೊಟ್ಟು ನೋಡಲಾಯಿತು. ಬ್ರೌನಿಂಗನ ನಮೂನೆಯಲ್ಲಿಯೂ ಆಗ ಕುಂದುಗಳಿದ್ದುವು. ಅವನು ಅದಕ್ಕಾಗಿ ಮುನಿಯಲಿಲ್ಲ, ವಾದಿಸಲಿಲ್ಲ. ನಳಿಗೆಯನ್ನು ಎರಡು ಕೊಂಡಿಗಳಲ್ಲಿ ತೂಗಿಸಿದ್ದ ಏರ್ಪಾಟನ್ನು ಬಿಟ್ಟು ಹಿಂಬದಿಗೆ ಒಂದೇ ಕೊಂಡಿಯನ್ನಿಟ್ಟನು. ಒಂದು ಕೈಯಲ್ಲಿ ಲಗಾಮು ಹಿಡಿದ ಅಶ್ವದಳದ ಸವಾರನು ಇನ್ನೊಂದು ಕೈಯಿಂದಲೇ ಆಯುಧವನ್ನು ನಿರಪಾಯಗೊಳಿಸುವಂತಿರಬೇಕೆಂಬ ಬೇಡಿಕೆ ಬಂದಾಗ, ಹೆಬ್ಬೆರಳಿಗೆ ಎಟಕುವ ತಡೆಗೋಲನ್ನು ಸೇರಿಸಿದನು.

ಪಿಸ್ತೂಲಿನ ಒಳಗಿನ ಕ್ರಮವನ್ನು ಎರಡು ಮಾತಿನಲ್ಲಿ ಹೇಳುವೆವು. ಗುಂಡು ಹಾರಿದಾಗ ನಳಿಗೆಯೂ ಅದರ ಮೇಲಣ ಸರಿಯುವ ಕವಚವೂ ಒಂದಕ್ಕೊಂದು ಕಚ್ಚಿಕೊಂಡೇ ತುಸು ಹಿಂದೆ ಸರಿಯುತ್ತವೆ. ಅಷ್ಟರಲ್ಲಿ ಗುಂಡು ಹೊರಬಿದ್ದು ಒಳಗಣ ಒತ್ತಡವು ಇಳಿದಿರುತ್ತದೆ. ಆಗ ಕೊಂಡಿಯು ನಳಿಗೆಯ ಹಿಂತುದಿಯನ್ನು ಕೆಳಕ್ಕೆಳೆದು ಹಿಡಿತವನ್ನು ಬಿಡಿಸುತ್ತದೆ. ಕವಚವೊಂದೇ ಇನ್ನೂ ಹಿಂದೆ ಹೋಗಿ, ಖಾಲಿ ತೋಟಾವನ್ನು ಹೊರಕ್ಕೆಸೆದು, ಸುತ್ತಿಗೆಯನ್ನು ಹಿಂದಕ್ಕೆ ಬಾಗಿಸುತ್ತದೆ. ಸ್ಪ್ರಿಂಗಿನ ಬಲದಿಂದ ಮರಳಿ ಬರುವಾಗ ಹಿಡಿಯೊಳಗಣ ಏಳು ತೋಟಾಗಳಲ್ಲಿ ಮೇಲಿನದನ್ನು ನಳಿಗೆಗೆ ತಳ್ಳುತ್ತದೆ. ಆದರೆ ಕುದುರೆಯನ್ನು ಒಮ್ಮೆ ಎಳೆದರೆ ಹಾರುವುದು ಒಂದೇ ಗುಂಡು. ಆದುದರಿಂದ ಜನರು ಇದನ್ನು ಸ್ವಯಂಚಾಲಿತವೆಂದು ಕರೆದರೂ, ಅರೆಸ್ವಯಂಚಾಲಿತವೆನ್ನುವುದೇ ಸರಿ.

ಕೊನೆಯ ಪರೀಕ್ಷೆಯು 1911ರ ಮಾರ್ಚ್ ತಿಂಗಳಲ್ಲಿ ನಡೆಯಿತು. ಒಂದೊಂದು ಪಿಸ್ತೂಲಿನಿಂದಲೂ 6,000 ಗುಂಡುಗಳನ್ನು ಹಾರಿಸಬೇಕು, ನೂರು ಗುಂಡಾದ ಮೇಲೆ ಐದು ನಿಮಿಷ ಆರಲು ಬಿಡುವುದು, ಸಾವಿರವಾದ ಮೇಲೆ ಒರೆಸಿ ಎಣ್ಣೆ ಹಾಕುವುದು, ಅಷ್ಟೇ ಶುಶ್ರೂಷೆ. ಅದಾದ ಬಳಿಕ ಜಜ್ಜಿದ ತೋಟಾಗಳನ್ನು ಹಾಕಿಯೂ, ಧೂಳು ಕೆಸರುಗಳನ್ನು ಮೆತ್ತಿಯೂ, ಆಮ್ಲದಿಂದ ತುಕ್ಕು ಹಿಡಿಸಿಯೂ ನೋಡಿದರು. ಸ್ಯಾವೇಜಿನಲ್ಲಿ 37 ಸಲ ತೊಡಕುಂಟಾಯಿತು. ಬ್ರೌನಿಂಗನ ಪಿಸ್ತೂಲು ಆರು ಸಾವಿರದಲ್ಲಿ ಒಂದು ಸಲವೂ ಮುಗ್ಗರಿಸಲಿಲ್ಲ. ಮಾರ್ಚ್ 29ರಂದು ಸೈನ್ಯವು ಅದನ್ನು ಅಂಗೀಕರಿಸಿತು. ಮೆರುಗನ್ನೂ ಸಂದಿಯಿಲ್ಲದ ಜೋಡಣೆಯನ್ನೂ ಕಂಡು ಒಳ್ಳೆಯ ಮಾಲೆಂದು ಬೆಲೆಕಟ್ಟುವವರು ನಮ್ಮಲ್ಲಿ ಬಹಳ ಮಂದಿ. ಈ ಪಿಸ್ತೂಲಿನ ಭಾಗಗಳ ನಡುವೆ ಮರಳು ಬಿದ್ದರೂ ಕೆಲಸ ನಿಲ್ಲದಷ್ಟು ಎಡೆಯಿತ್ತು, ಯಾವ ಉಪಕರಣವೂ ಇಲ್ಲದೆ ಸಿಪಾಯಿಯು ಅದನ್ನು ಬಿಚ್ಚಿ ಒರೆಸಿ ಜೋಡಿಸಬಹುದಾಗಿತ್ತು.

ಇಷ್ಟರಲ್ಲಿ ವಿಂಚೆಸ್ಟರಿನ ನಂಟು ಕಡಿದು ಬಹಳ ಕಾಲವಾಗಿದ್ದಿತು. 1902ರಲ್ಲಿ, ತಾನು ರೂಪಿಸಿದ ಸ್ವಯಂಚಾಲಿತ ಬೇಟೆಬಂದೂಕಿಗೆ ಇಡಿಗಂಟಿನ ಬದಲು ಮಾರಾಟದ ಮೇಲೆ ಗೌರವಧನ ಬೇಕೆಂದು ಬ್ರೌನಿಂಗನು ಕೇಳಿದನು; ಬೆನೆಟ್ಟನು ಒಪ್ಪಲಿಲ್ಲ. ರೆಮಿಂಗ್‌ಟನ್ ಕಂಪನಿಯ ಅಧ್ಯಕ್ಷನಾದ ಹಾರ್ಟ್ಲಿಯನ್ನು ಕಾಣಲೆಂದು ಹೋಗಿ ಕಾದಿದ್ದಾಗ, ಆತನು ಅದೇ ಅಪರಾಹ್ಣ ಹೃದಯಾಘಾತದಿಂದ ತೀರಿಕೊಂಡನೆಂಬ ಸುದ್ದಿ ಬಂದಿತು. ಬ್ರೌನಿಂಗನು ಹಡಗು ಹತ್ತಿ ಬೆಲ್ಜಿಯಮ್ಮಿಗೆ ಹೋದನು. ಅಲ್ಲಿಯವರು ಬಂದೂಕನ್ನು ಸಂತೋಷದಿಂದ ಕೈಗೊಂಡರು.

1914ರ ಮೊದಲಲ್ಲಿ ಹತ್ತು ಲಕ್ಷದ ಪಿಸ್ತೂಲಿನ ಉತ್ಸವವನ್ನು ಅಲ್ಲಿ ಆಚರಿಸಲಾಯಿತು. ಬೆಲ್ಜಿಯಮ್ಮಿನ ರಾಜನು ಶಿಲ್ಪಿಗೆ ಬಿರುದಿತ್ತು ಮನ್ನಿಸಿದನು. ಅದೇ ವರ್ಷದ ಜೂನ್ 28ರಂದು ಸರಾಯೆವೊ ನಗರದಲ್ಲಿ ಪ್ರಿನ್ಸಿಪ್ ಎಂಬ ತರುಣನು ಆಸ್ಟ್ರಿಯದ ಯುವರಾಜನನ್ನೂ ಆತನ ಪತ್ನಿಯನ್ನೂ ಗುಂಡಿಟ್ಟು ಕೊಂದನು. ಅವನ ಕೈಯಲ್ಲಿದ್ದುದು ಬ್ರೌನಿಂಗನು ರೂಪಿಸಿದ, ಎಫ್.ಎನ್. ಕಾರ್ಖಾನೆಯ 1910ನೆಯ ನಮೂನೆಯ ಪಿಸ್ತೂಲು. ಆರು ವಾರ ಕಳೆಯುವುದರೊಳಗೆ ಜರ್ಮನ್ ದಂಡು ಲಿಯೇಜಿಗೇ ನುಗ್ಗಿತು. ಯುದ್ಧಕ್ಕೆ ಕಾರಣವು ಪಿಸ್ತೂಲಲ್ಲ, ಸಾಮ್ರಾಜ್ಯಗಳ ಹಗೆ ಎಂಬುದನ್ನು ನಾವು ಬಲ್ಲೆವು. ಆದರೂ ಈ ಎರಡು ದಿನಗಳನ್ನು ಒಟ್ಟಿಗೆ ನೆನೆದಾಗ ಮನಸ್ಸು ಕಳವಳಗೊಳ್ಳದಿರದು.

1917ರಲ್ಲಿ ಅಮೇರಿಕವೂ ಯುದ್ಧಕ್ಕಿಳಿಯಿತು. ಬ್ರೌನಿಂಗನ ಹೊಸ ಮಶೀನ್‌ಗನ್ನು ಪರೀಕ್ಷೆಯಲ್ಲಿ 20,000 ಗುಂಡುಗಳನ್ನು ಹಾರಿಸಿ, ಮತ್ತೆ ಅಷ್ಟನ್ನೇ ಹಾರಿಸಿತು. ತನ್ನ ಯುದ್ಧಾಯುಧಗಳ ಹಕ್ಕಿಗಾಗಿ ಸರಕಾರವು ಕೊಡಮಾಡಿದ 7,50,000 ಡಾಲರುಗಳನ್ನು ಅವನು ಚೌಕಾಸಿಯಿಲ್ಲದೆ ಒಪ್ಪಿಕೊಂಡನು; ವಾಡಿಕೆಯ ಗೌರವಧನದ ಲೆಕ್ಕದಲ್ಲಿ ಅದರ ಎಷ್ಟೋ ಪಾಲು ಹೆಚ್ಚು ದೊರೆಯುವಂತಿತ್ತು. ವಿಂಚೆಸ್ಟರಿನೊಡನೆ ತನ್ನ ಪಾಲಿಗಾಗಿ ಹಟ ಹಿಡಿದವನೂ ಇವನೇ. ಮಗ ವ್ಯಾಲ್ ತಂದೆಯು ರೂಪಿಸಿದ ಸ್ವಯಂಚಾಲಿತ ರೈಫಲನ್ನೇ ಹಿಡಿದು ಫ್ರಾನ್ಸಿನ ರಣರಂಗಕ್ಕೆ ಹೋದನು.

ಒಟ್ಟು 128 ಪೇಟೆಂಟುಗಳನ್ನು ಪಡೆದ ಈ ಮನುಷ್ಯನು 1926ರ ನವೆಂಬರ್ 26ರಂದು, ತನ್ನ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಲಿಯೇಜಿನ ಕಾರ್ಖಾನೆಯಲ್ಲಿಯೇ ಹೃದಯ ನಿಂತು ಸತ್ತನು. ದೇಹವನ್ನು ಆಗ್ಡೆನ್ನಿಗೆ ಒಯ್ದು ಹೂಳಿದರು. 1911ರ ಪಿಸ್ತೂಲಿಗೆ ಅದೇ ವರ್ಷ ಸಣ್ಣಪುಟ್ಟ ತಿದ್ದುಪಾಟುಗಳಾದುವು. ಅಮೇರಿಕದ ಸೈನ್ಯವು 1985ರಲ್ಲಿ ಇಟಲಿಯ ಬೆರೆಟ್ಟಾ ನಮೂನೆಯನ್ನು ಆರಿಸಿಕೊಳ್ಳುವವರೆಗೂ ಅದೇ ಸಿಪಾಯಿಯ ಸೊಂಟದಲ್ಲಿದ್ದಿತು. ಬ್ರೌನಿಂಗನು ಅರ್ಧಕ್ಕೆ ಬಿಟ್ಟುಹೋದ ಇನ್ನೊಂದು ಪಿಸ್ತೂಲನ್ನು ಅದೇ ಬೆಲ್ಜಿಯನ್ ಕಾರ್ಖಾನೆಯ ಸೇವ್ ಎಂಬ ಶಿಲ್ಪಿಯು 1935ರ ಹೊತ್ತಿಗೆ ಪೂರೈಸಿದನು. ಎರಡನೆಯ ಮಹಾಯುದ್ಧದಲ್ಲಿ ಕೆನಡಾದವರು ಅದನ್ನು ಮಾಡಿದರು; ಮುಂದೆ ನಮ್ಮ ದೇಶದಲ್ಲಿಯೇ, ಬಂಗಾಳದ ಇಷಾಪುರದ ರೈಫಲ್ ಕಾರ್ಖಾನೆಯಲ್ಲಿ, ಆ ನಮೂನೆಯ 9 ಮಿಲಿಮೀಟರಿನ ಪಿಸ್ತೂಲು ಭಾರತದ ಸೈನ್ಯಕ್ಕಾಗಿ ತಯಾರಾಯಿತು.