ಬೆಳಗಾವಿಯ ಓಟಗಾರ ಫಡೆಪ್ಪ ಚೌಗುಲೆ

ನಮ್ಮ ನಂಗಲಿಯಿಂದ ಮುಳಬಾಗಿಲಿಗೆ ಓಡಿಹೋಗಿ, ನಿಲ್ಲದೆ ವಾಪಸ್ ಓಡಿಬಂದರೂ 42 ಕಿ.ಮೀ. ಆಗಲ್ಲ. ಅದಕ್ಕಿಂತ ಹೆಚ್ಚು ದೂರವನ್ನು ಮೂರು ಗಂಟೆಯೊಳಗೆ ಓಡಿದವರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ.

ಆಗ ಬ್ರಿಟಿಷರ ಕಾಲ. ಪುಣೆಯಲ್ಲಿ ಡೆಕ್ಕನ್ ಜಿಮ್ಖಾನಾದವರು ಓಟದ ಪಂದ್ಯ ನಡೆಸುತ್ತಿದ್ದರು. ಓಡುವವರು ಹೆಚ್ಚಾಗಿ ರೈತರ ಮಕ್ಕಳು. ಸ್ಪೋರ್ಟ್ಸ್ ದಿನ ನಾವು ಓಡುವ ಹಾಗೆ ಬರಿಗಾಲಲ್ಲೇ ಓಡುತ್ತಿದ್ದರು. ಇದನ್ನು ಕಣ್ಣಾರೆ ಕಂಡ ದೊರಾಬ್ಜಿ ಟಾಟಾ ಅವರಿಗೆ, ಇವರನ್ನು ಒಲಿಂಪಿಕ್ಸ್‌ಗೆ ಯಾಕೆ ಕಳಿಸಬಾರದು ಅನ್ನಿಸಿತು. ತಮ್ಮ ಕೈಯಿಂದಲೂ ದುಡ್ಡು ಹಾಕಿದರು. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪ್‌ಗೆ ಹೊರಟ ತಂಡದಲ್ಲಿ ಚೌಗುಲೆಯವರೂ ಇದ್ದರು.

ಆಗಸ್ಟ್ 22ರಂದು ಮ್ಯಾರಥಾನ್ ಓಟ. ಆ ಸಲದ ದೂರ 42.75 ಕಿ.ಮೀ. ಒಲಿಂಪಿಕ್ಸ್ ಮ್ಯಾರಥಾನ್‌ಗಳಲ್ಲೆಲ್ಲ ಅದೇ ಉದ್ದದ್ದು! ಜೊತೆಗೆ ಓಡಿದ ಇನ್ನೊಬ್ಬ ಭಾರತೀಯ ಸದಾಶಿವ ದಾತಾರ್ ಅವರಿಗೆ ಕೊನೆ ಮುಟ್ಟಲು ಆಗಲಿಲ್ಲ. ಚೌಗುಲೆ ಮಾತ್ರ ಬಿಡಲಿಲ್ಲ. 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಗೆದ್ದ ಫಿನ್ಲೆಂಡಿನ ಕೊಲೆಹ್ಮೈನೆನ್ ಅವರಿಗಿಂತ 18 ನಿಮಿಷ ಹಿಂದೆ, ಅಷ್ಟೇ.

ಬಂದದ್ದು 19ನೇ ಸ್ಥಾನ. ಅದೇನು ಮಹಾ ಅಂತ ಕೆಲವರು ನಗಬಹುದು, ಮೊದಲು ನಾನೂ ನಕ್ಕೆ. ಆದರೆ ಒಲಿಂಪಿಕ್ಸ್ ಮ್ಯಾರಥಾನ್ ಓಡಿ ಮುಗಿಸಿದ ಮೊಟ್ಟಮೊದಲ ಭಾರತೀಯ ಇವರೇ.