ಮಿರ್ಜಾ ಇಸ್ಮಾಯಿಲ್

ಸರ್ ಮಿರ್ಜಾ ಮಹಮ್ಮದ್ ಇಸ್ಮಾಯಿಲ್ (24 ಅಕ್ಟೋಬರ್ 1883 – 5 ಜನವರಿ 1959) ಮೈಸೂರು ಸಂಸ್ಥಾನದ ದಿವಾನರಾಗಿ 1926ರಿಂದ 1941ರವರೆಗೆ ಸೇವೆ ಸಲ್ಲಿಸಿದ ಆಡಳಿತಗಾರರು. ನಗರ ಸೌಂದರ್ಯ, ಉದ್ಯಾನ, ನೀರಾವರಿ ಮತ್ತು ಕೈಗಾರಿಕೆಗಳ ಬೆಳವಣಿಗೆಗೆ ಇವರ ಹೆಸರು ತಳುಕು ಹಾಕಿಕೊಂಡಿದೆ. ಇಂದಿನ ಮಂಡ್ಯ ಜಿಲ್ಲೆಯು ರೂಪುಗೊಂಡದ್ದು ಇವರ ಅಧಿಕಾರಾವಧಿಯಲ್ಲೇ.

ಬಾಲ್ಯ ಮತ್ತು ಶಿಕ್ಷಣ

ಮಿರ್ಜಾ ಅವರು ಬೆಂಗಳೂರಿನಲ್ಲಿ ಜನಿಸಿದರು. ಇವರ ಅಜ್ಜ ಅಲಿ ಆಸ್ಕರ್ ಶಿರಾಜಿ ಅವರು 19ನೆಯ ಶತಮಾನದ ಪೂರ್ವಾರ್ಧದಲ್ಲಿ ಪರ್ಷಿಯಾದಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಕುದುರೆ ವ್ಯಾಪಾರಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಶಿಕ್ಷಣಕ್ಕಾಗಿ ಅರಮನೆಯಲ್ಲಿ ಏರ್ಪಡಿಸಿದ್ದ ವಿಶೇಷ ತರಗತಿಯಲ್ಲಿ ಮಿರ್ಜಾ ಅವರು ಸಹಪಾಠಿಯಾಗಿದ್ದರು. ಅಲ್ಲಿ ಬೆಳೆದ ಸ್ನೇಹ ಮಹಾರಾಜರ ಜೀವಿತಾವಧಿಯವರೆಗೂ ಉಳಿಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದ ನಂತರ ಇವರು ಸಂಸ್ಥಾನದ ಪೊಲೀಸ್ ಇಲಾಖೆಯನ್ನು ಸೇರಿದರು. ಬಳಿಕ ಹುಜೂರ್ ಕಾರ್ಯದರ್ಶಿಯಾಗಿ, ಮಹಾರಾಜರ ಆಪ್ತ ಕಾರ್ಯದರ್ಶಿಯಾಗಿ ಕೆಲಸ ಮಾಡಿ, 1926ರಲ್ಲಿ ದಿವಾನ ಪದವಿಗೇರಿದರು.

ಇರ್ವಿನ್ ನಾಲೆ ಮತ್ತು ಮಂಡ್ಯ

ಮಂಡ್ಯ, ಮದ್ದೂರು, ಮಳವಳ್ಳಿ ಪ್ರದೇಶಗಳ ಬಹುಭಾಗ ಆಗ ಮಳೆ ಮತ್ತು ಕೆರೆಗಳನ್ನೇ ನಂಬಿದ್ದ ಬಯಲುಸೀಮೆಯಾಗಿದ್ದು, ರಾಗಿ ಮುಖ್ಯ ಬೆಳೆಯಾಗಿತ್ತು. ಕನ್ನಂಬಾಡಿ ಅಣೆಕಟ್ಟೆಯ ನೀರನ್ನು ಈ ಭಾಗಕ್ಕೆ ಹರಿಸುವ ನಾಲೆಯ ಕಾಮಗಾರಿ ಮಿರ್ಜಾ ಅವರ ಕಾಲದಲ್ಲಿ ನಡೆಯಿತು. ಎದುರಾದ ಎತ್ತರದ ನೆಲವನ್ನು ಹುಲಿಕೆರೆಯ ಬಳಿ ಸುರಂಗ ಕೊರೆದು ದಾಟಲಾಯಿತು. ಸುಮಾರು 1,20,000 ಎಕರೆಗೆ ನೀರುಣಿಸುವ ಉದ್ದೇಶದ ಈ ನಾಲೆಗೆ ಅಂದಿನ ವೈಸರಾಯ್ ಇರ್ವಿನ್ ಅವರ ಹೆಸರನ್ನು ಇಡಲಾಯಿತು. ಮುಂದೆ ಇದು ವಿಶ್ವೇಶ್ವರಯ್ಯ ನಾಲೆ ಎಂದು ಮರುನಾಮಕರಣಗೊಂಡಿತು.

ನೀರಿನ ಹಿಂದೆಯೇ ಭತ್ತ ಮತ್ತು ಕಬ್ಬಿನ ಬೇಸಾಯ ಹರಡಿತು. ಕಬ್ಬಿಗೆ ಮಾರುಕಟ್ಟೆ ಒದಗಿಸಲು 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಇದರ ಸ್ಥಾಪನೆಯಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಪಾತ್ರ ಪ್ರಮುಖವಾದುದು. ಬೆಂಗಳೂರು–ಮೈಸೂರು ರೈಲುಮಾರ್ಗದ ಮೇಲಿದ್ದ ಮಂಡ್ಯವು ಕಾರ್ಖಾನೆಯಿಂದಾಗಿ ಬೆಳೆಯತೊಡಗಿತು. 1939ರ ಜುಲೈ 1ರಂದು ಮೈಸೂರು ಜಿಲ್ಲೆಯಿಂದ ಏಳು ತಾಲ್ಲೂಕುಗಳನ್ನು ಬೇರ್ಪಡಿಸಿ ಮಂಡ್ಯ ಜಿಲ್ಲೆಯನ್ನು ರಚಿಸಲಾಯಿತು. ಮರುವರ್ಷ ಮಳವಳ್ಳಿ ತಾಲ್ಲೂಕಿನಲ್ಲಿ ಶಿಂಷಾ ಜಲವಿದ್ಯುತ್ ಕೇಂದ್ರ ಕಾರ್ಯಾರಂಭ ಮಾಡಿತು.

ಬೃಂದಾವನ ಉದ್ಯಾನ

ಅಣೆಕಟ್ಟೆಯ ಕೆಳಭಾಗದ ಇಳಿಜಾರು ನೆಲವನ್ನು ಉದ್ಯಾನವಾಗಿ ಮಾರ್ಪಡಿಸುವ ಯೋಜನೆ ಮಿರ್ಜಾ ಅವರದು. ಕಾಶ್ಮೀರದ ಶಾಲಿಮಾರ್ ಉದ್ಯಾನದ ಮಾದರಿಯನ್ನು ಅನುಸರಿಸಿ, ಹಂತ ಹಂತವಾಗಿ ಇಳಿಯುವ ತಾರಸಿಗಳು, ಕಾರಂಜಿಗಳು, ನೀರಿನ ಕಾಲುವೆಗಳು ಮತ್ತು ಅವುಗಳ ಇಕ್ಕೆಲಗಳಲ್ಲಿ ಕಾಲುದಾರಿಗಳನ್ನು ರೂಪಿಸಲಾಯಿತು. ಜರ್ಮನಿಯ ತೋಟಗಾರಿಕಾ ತಜ್ಞ ಗುಸ್ತಾವ್ ಹರ್ಮನ್ ಕೃಂಬಿಗಲ್ ಅವರು ಇದರ ವಿನ್ಯಾಸಕಾರರು. 1927ರಲ್ಲಿ ಆರಂಭವಾದ ಕೆಲಸ 1932ರಲ್ಲಿ ಮುಗಿಯಿತು. ಸುಮಾರು 60 ಎಕರೆಯ ಈ ಉದ್ಯಾನವನ್ನು ಪ್ರವಾಸಿಗರು ಸಾಮಾನ್ಯವಾಗಿ ಮೈಸೂರಿನೊಂದಿಗೆ ಸೇರಿಸಿ ನೋಡಿದರೂ, ಅದು ಇರುವುದು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ.

ನಗರಗಳ ಅಭಿವೃದ್ಧಿ

ಊರಿನ ಅಂದ ಕೇವಲ ಶ್ರೀಮಂತರ ಬಡಾವಣೆಗಳಿಗೆ ಸೀಮಿತವಾಗದೆ ಎಲ್ಲ ನಾಗರಿಕರ ಸೊತ್ತಾಗಬೇಕೆಂಬುದು ಇವರ ನಿಲುವಾಗಿತ್ತು. ಬೆಳಗಿನ ಹೊತ್ತು ಕುದುರೆಯೇರಿ ಬೀದಿಗಳನ್ನು ಸುತ್ತಿ, ಚರಂಡಿ, ರಸ್ತೆ, ಮರಗಿಡಗಳ ಸ್ಥಿತಿಯನ್ನು ಸ್ವತಃ ಪರಿಶೀಲಿಸುತ್ತಿದ್ದರು. ಬೆಂಗಳೂರಿನ ಪುರಭವನ ಇವರ ಕಾಲದಲ್ಲಿ ನಿರ್ಮಾಣವಾಗಿ 1935ರಲ್ಲಿ ಉದ್ಘಾಟನೆಗೊಂಡಿತು. ಭದ್ರಾವತಿಯ ಕಾಗದ ಕಾರ್ಖಾನೆ ಮತ್ತು ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಗಳೂ ಇದೇ ಅವಧಿಯವು.

ಶಿವಪುರ ಧ್ವಜ ಸತ್ಯಾಗ್ರಹ

ಆರ್ಥಿಕ ಪ್ರಗತಿಗೆ ತಕ್ಕಂತೆ ಪ್ರಜೆಗಳಿಗೆ ಆಡಳಿತದಲ್ಲಿ ಪಾಲು ದೊರೆಯಲಿಲ್ಲವೆಂಬುದು ಕಾಂಗ್ರೆಸ್ಸಿನ ಮುಖ್ಯ ಆಕ್ಷೇಪವಾಗಿತ್ತು. ನಾಲೆಯಿಂದ ಹಸಿರಾಗುತ್ತಿದ್ದ ಸೀಮೆಯಲ್ಲೇ ಈ ಅಸಮಾಧಾನ ಸ್ಫೋಟಗೊಂಡಿತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ನಿಷೇಧಾಜ್ಞೆಯನ್ನು ಮೀರಿ ರಾಷ್ಟ್ರಧ್ವಜ ಹಾರಿಸಿದ ನಾಯಕರು ಬಂಧಿತರಾದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರ ಗೋಲೀಬಾರಿಗೆ ಹಲವರು ಬಲಿಯಾದರು. ಈ ಘಟನೆ ಮಿರ್ಜಾ ಅವರ ಆಡಳಿತದ ಮೇಲಿನ ದೊಡ್ಡ ಕಳಂಕವೆಂದು ಪರಿಗಣಿತವಾಗಿದೆ. ಬಳಿಕ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಅವರೊಂದಿಗೆ ನಡೆದ ಮಾತುಕತೆಯಿಂದ ಮಿರ್ಜಾ–ಪಟೇಲ್ ಒಪ್ಪಂದ ಏರ್ಪಟ್ಟು, ಸಂಸ್ಥಾನದ ಧ್ವಜದೊಂದಿಗೆ ರಾಷ್ಟ್ರಧ್ವಜವನ್ನೂ ಹಾರಿಸಲು ಅವಕಾಶ ದೊರೆಯಿತು.

ಕೊನೆಯ ವರ್ಷಗಳು

1940ರಲ್ಲಿ ನಾಲ್ವಡಿಯವರು ನಿಧನರಾದರು. ಹೊಸ ಮಹಾರಾಜ ಜಯಚಾಮರಾಜ ಒಡೆಯರ್ ಅವರೊಂದಿಗೆ ಭಿನ್ನಾಭಿಪ್ರಾಯ ಉಂಟಾಗಿ 1941ರಲ್ಲಿ ಮಿರ್ಜಾ ಅವರು ರಾಜೀನಾಮೆ ನೀಡಿದರು. 1942ರಿಂದ 1946ರವರೆಗೆ ಜೈಪುರದ ಪ್ರಧಾನಮಂತ್ರಿಯಾಗಿದ್ದರು. ಅಲ್ಲಿನ ಹಳೆಯ ಕೋಟೆಗೋಡೆಯ ಹೊರಗಿನ ಪ್ರಮುಖ ರಸ್ತೆಗೆ ಇವರ ಹೆಸರಿದೆ. ಅನಂತರ ಹೈದರಾಬಾದಿನ ಪ್ರಧಾನಮಂತ್ರಿಯಾಗಿ, 1947ರಲ್ಲಿ ಆ ಹುದ್ದೆಯನ್ನು ತೊರೆದರು. 1954ರಲ್ಲಿ ಇವರ ಆತ್ಮಕಥನ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಬೆಂಗಳೂರಿನಲ್ಲಿ ನಿಧನರಾದರು.

ಪ್ರಭಾವ

ಮಂಡ್ಯ ಸೀಮೆಯ ಮಟ್ಟಿಗೆ ಮಿರ್ಜಾ ಅವರ ಕಾಲವು ಎರಡು ಬಗೆಯ ನೆನಪುಗಳನ್ನು ಉಳಿಸಿದೆ. ನಾಲೆ, ಸಕ್ಕರೆ ಕಾರ್ಖಾನೆ ಮತ್ತು ಉದ್ಯಾನಗಳು ಯೋಜಿತ ಅಭಿವೃದ್ಧಿಯ ಫಲವನ್ನು ತೋರಿಸಿದರೆ, ಮದ್ದೂರಿನ ಶಿವಪುರದ ಸತ್ಯಾಗ್ರಹ ಸೌಧವು ಆ ಅಭಿವೃದ್ಧಿಯ ತೀರ್ಮಾನಗಳಲ್ಲಿ ತಮಗೂ ಪಾಲು ಬೇಕೆಂದ ಜನರ ಹೋರಾಟವನ್ನು ನೆನಪಿಸುತ್ತದೆ.