ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮೇಶ್ವರರು

ಯಾವ ಜನಾಂಗವೂ ರಾಜಶಾಸನದ ಬಲವೊಂದರಿಂದಲೇ ಬಾಳಿ ಬಂದುದಿಲ್ಲ. ಹಿರಿಯರು ಕಿರಿಯರಿಗೆ ಹೇಳುತ್ತ ಬಂದ ಪುಣ್ಯಕಥೆ, ವರುಷವರುಷವೂ ತಪ್ಪದೆ ನಡೆಯುವ ಆಚರಣೆ, ಇವೆರಡರ ಒಳಗೂ ನೆಲಸಿ ಜನರನ್ನು ಒಂದುಗೂಡಿಸುವ ಧರ್ಮಬುದ್ಧಿ, ಈ ಮೂರೂ ಕೂಡಿದಲ್ಲಿ ಸಂಸ್ಕೃತಿಯು ಬೇರುಬಿಡುವುದು. ಹನ್ನೆರಡನೆಯ ಶತಮಾನದ ಶಿವಶರಣರಲ್ಲಿ ಈ ತತ್ತ್ವಕ್ಕೆ ಪ್ರತ್ಯಕ್ಷ ನಿದರ್ಶನರಾಗಿರುವವರು ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮೇಶ್ವರರು. ಅವರ ಕಾಲದಲ್ಲಿ ಕಲ್ಯಾಣವನ್ನಾಳಿದ ಕಳಚುರ್ಯರ ಸಿಂಹಾಸನವು ಮಣ್ಣುಗೂಡಿ ಎಂಟು ಶತಮಾನಗಳು ಸಂದಿವೆ. ಅವರು ಕಟ್ಟಿಸಿದ ಕೆರೆಯಾದರೋ ಈಗ ಮಹಾರಾಷ್ಟ್ರಕ್ಕೆ ಸೇರಿದ ಸೊಲ್ಲಾಪುರದ ನಡುವೆ ಇಂದಿಗೂ ಇದೆ.

ಇವರ ಚರಿತ್ರೆಯನ್ನು ಮೊದಲು ವಿಸ್ತಾರವಾಗಿ ಹಾಡಿದವನು ಹರಿಹರನ ಸೋದರಳಿಯನಾದ ರಾಘವಾಂಕ ಕವಿ. ಅವನ ‘ಸಿದ್ಧರಾಮ ಚಾರಿತ್ರ’ದಂತೆ ಸೊನ್ನಲಿಗೆಯ ಮುದ್ದುಗೌಡನೂ ಸುಗ್ಗಲದೇವಿಯೂ ಇವರ ತಂದೆತಾಯಿಗಳು. ಇವರ ಮನೆಯಲ್ಲಿ ಮಹಾಯೋಗಿಯೊಬ್ಬನು ಜನಿಸುವನೆಂದು ರೇವಣಸಿದ್ಧರು ಮೊದಲೇ ನುಡಿದಿದ್ದರು. ಹುಟ್ಟಿದ ಶಿಶುವಿನಲ್ಲಿಯಾದರೋ ಉಳಿದ ಮಕ್ಕಳ ಚಟುವಟಿಕೆ ಇರಲಿಲ್ಲ. ಮಾತು ಕಡಿಮೆ, ಆಟದಲ್ಲಿ ಮನಸ್ಸಿಲ್ಲ. ಲೋಕವು ಅವನನ್ನು ಜಡನೆಂದು ಬಗೆಯಿತು. ಹಿರಿಯರು ಹುಡುಗನನ್ನು ಕರುಗಳ ಹಿಂದೆ ಹೊಲಕ್ಕೆ ಕಳುಹುತ್ತಿದ್ದರು.

ಒಂದು ದಿನ ನವಣೆಯ ಹೊಲದಲ್ಲಿದ್ದ ಈ ಬಾಲಕನ ಬಳಿಗೆ ಶ್ರೀಶೈಲದ ಮಲ್ಲಯ್ಯನು ಜಂಗಮವೇಷದಿಂದ ಬಂದು ಎಳೆಯ ತೆನೆಯ ಸಿಹಿಬೆಳಸೆಯನ್ನು ಬೇಡಿದನು. ಅದನ್ನು ಸವಿದ ಮೇಲೆ ಹೊಟ್ಟೆಯುರಿಯನ್ನು ತಣಿಸಲು ಮಜ್ಜಿಗೆಯನ್ನವನ್ನು ಬಯಸಿದನು. ಬಾಲಕನು ಮನೆಗೆ ಓಡಿ ತಾಯಿಯ ಕೈಯಿಂದ ಅನ್ನವನ್ನು ಪಡೆದು ಮರಳುವಷ್ಟರಲ್ಲಿ ಅತಿಥಿಯು ಅಲ್ಲಿರಲಿಲ್ಲ. ಮಲ್ಲಯ್ಯಾ ಎಂದು ಕೂಗುತ್ತ ಹೊರಟ ಹುಡುಗನು ಯಾತ್ರಿಕರ ಸಂಗಡ ಶ್ರೀಶೈಲವನ್ನು ಸೇರಿದನು. ಅವರು ಗುಡಿಯೊಳಗಿನ ಲಿಂಗವನ್ನು ತೋರಿಸಿ ಇವನೇ ಮಲ್ಲಯ್ಯನೆಂದಾಗ ಅವನು ಒಪ್ಪಲಿಲ್ಲ. ತನ್ನೆದುರು ಹಸಿದು ನಿಂತವನನ್ನೇ ಅವನು ಅರಸುತ್ತಿದ್ದನು. ಕಾಣದ ದುಃಖದಿಂದ ಬೆಟ್ಟದ ಕೋಡಿನಿಂದ ಕಮರಿಗೆ ಧುಮುಕಲು, ಮಲ್ಲಿಕಾರ್ಜುನನು ಕೈಹಿಡಿದೆತ್ತಿ, ಸೊನ್ನಲಿಗೆಗೆ ಮರಳಿ ಅದನ್ನೇ ಎರಡನೆಯ ಶ್ರೀಶೈಲವನ್ನಾಗಿ ಮಾಡೆಂದು ಅಪ್ಪಣೆಯಿತ್ತನೆಂದು ಕಾವ್ಯವು ಹೇಳುತ್ತದೆ.

ಈ ಕಥೆಯನ್ನು ಪವಾಡವೆಂದು ಕೈಮುಗಿದು ಸುಮ್ಮನಾಗುವುದು ಸುಲಭ. ಅದು ಜನಮನದಲ್ಲಿ ಬಿತ್ತಿದ ಬೀಜವನ್ನು ಗಮನಿಸುವುದು ಅಗತ್ಯ. ಇಲ್ಲಿ ದೇವರು ವರವನ್ನು ಕೊಡಲು ಬರುವ ಮೊದಲು ಅನ್ನವನ್ನು ಬೇಡಲು ಬಂದಿದ್ದಾನೆ. ಹಸಿದು ಬಂದವನಲ್ಲಿ ಶಿವನನ್ನು ಕಾಣಬೇಕೆಂಬ ಬುದ್ಧಿಯು ಉಪದೇಶದಿಂದ ಬರುವುದಕ್ಕಿಂತ ಇಂತಹ ಕಥೆಯಿಂದ ಬೇಗನೆ ಬರುವುದು. ಮಠಮಠಗಳಲ್ಲಿ ನಡೆದು ಬಂದ ದಾಸೋಹಕ್ಕೆ ಇಂತಹ ಕಥೆಗಳೇ ಆಧಾರ.

ಸೊನ್ನಲಿಗೆಗೆ ಮರಳಿದ ಸಿದ್ಧರಾಮರು ಕಂಡ ದರ್ಶನವನ್ನು ಕೃತಿಗೆ ತಂದರು. ಕಪಿಲಸಿದ್ಧ ಮಲ್ಲಿಕಾರ್ಜುನನ ಗುಡಿಯನ್ನು ಎತ್ತಿಸಿದರು, ಊರಿನ ಸುತ್ತಲೂ ಅರುವತ್ತೆಂಟು ಲಿಂಗಗಳನ್ನು ಪ್ರತಿಷ್ಠಿಸಿದರು, ಅನ್ನಸತ್ರವನ್ನು ನಡೆಯಿಸಿದರು. ಎಲ್ಲಕ್ಕೂ ಮಿಗಿಲಾಗಿ, ಮಳೆ ಕಡಿಮೆಯಾದ ಆ ಸೀಮೆಯಲ್ಲಿ ಕೆರೆಯನ್ನು ಅಗೆಯಿಸಿದರು. ಬರದ ನಾಡಿನಲ್ಲಿ ನೀರಿಗಿಂತ ದೊಡ್ಡ ಪ್ರಸಾದವುಂಟೆ? ಕೆರೆಯ ಕೆಲಸಕ್ಕೆ ಗುದ್ದಲಿ ಹಿಡಿದು ಬಂದ ಒಡ್ಡರೂ ಮಂತ್ರ ಹೇಳಬಂದವರೂ ಒಂದೇ ಪುಣ್ಯಕ್ಕೆ ಪಾಲುಗಾರರಾದರು. ಮಣ್ಣು ಹೊರುವುದೂ ಪೂಜೆಯಾಯಿತು.

ಆದರೆ ಸತ್ಕಾರ್ಯದ ಬೆನ್ನಿಗೆ ನಾನು ಮಾಡಿದೆನೆಂಬ ಹೆಮ್ಮೆಯು ನೆರಳಿನಂತೆ ಬರುವುದು. ಇದನ್ನು ಬಿಡಿಸಲು ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬಹು ಮನೋಹರವಾಗಿದೆ. ಪ್ರಭುಗಳು ಸಿದ್ಧರಾಮರನ್ನು ಒಡ್ಡನೆಂದು ಹಳಿದರು. ಕೆರಳಿದ ಕೆಲಸಗಾರರು ಕಲ್ಲೆಸೆದರು. ಕಲ್ಲುಗಳು ಪ್ರಭುಗಳನ್ನು ನೋಯಿಸಲಿಲ್ಲ. ಸಿದ್ಧರಾಮರ ಕೋಪಾಗ್ನಿಯೂ ಅವರ ಪಾದದಲ್ಲಿ ಅಡಗಿತು. ಆಗ ಕೆರೆ, ಗುಡಿ, ಸತ್ರಗಳೆಲ್ಲವೂ ಅಂತರಂಗದ ಅರಿವಿಲ್ಲದೆ ಬರಿಯ ಕಲ್ಲುಮಣ್ಣಿನ ರಾಶಿಯೆಂಬುದು ಸಿದ್ಧರಾಮರಿಗೆ ವೇದ್ಯವಾಯಿತು. ಪ್ರಭುಗಳು ಹಳಿದುದು ಕೆರೆಯನ್ನಲ್ಲ, ಕಟ್ಟಿದವನ ಮಮಕಾರವನ್ನು.

ಪ್ರಭುಗಳೊಡನೆ ಕಲ್ಯಾಣಕ್ಕೆ ಹೋದ ಸಿದ್ಧರಾಮರು ಬಸವಣ್ಣನವರ ಮಹಾಮನೆಯನ್ನು ಕಂಡರು. ಅಲ್ಲಿ ಚೆನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆಯನ್ನು ಪಡೆದರೆಂಬುದು ಸಂಪ್ರದಾಯ. ಈ ವಿಷಯದಲ್ಲಿ ಶೂನ್ಯಸಂಪಾದನೆಯ ಕರ್ತೃಗಳಲ್ಲಿಯೇ ಭೇದವುಂಟು. ಮೊದಲನೆಯವರಾದ ಶಿವಗಣಪ್ರಸಾದಿ ಮಹದೇವಯ್ಯಗಳ ಕೃತಿಯಲ್ಲಿ ಸಿದ್ಧರಾಮರಿಗೆ ದೀಕ್ಷೆಯಾದ ಪ್ರಸ್ತಾಪವಿಲ್ಲ. ಅದನ್ನು ಒಪ್ಪದ ಹಲಗೆಯದೇವರು ದೀಕ್ಷಾಪ್ರಸಂಗವನ್ನು ಸೇರಿಸಿ ಗ್ರಂಥವನ್ನು ತಿದ್ದಿದರು; ಮುಂದಿನವರು ಆ ದಾರಿಯಲ್ಲೇ ನಡೆದರು. ಆತ್ಮಜ್ಞಾನವುಳ್ಳ ಯೋಗಿಗೆ ಬಾಹ್ಯಸಂಸ್ಕಾರವು ಬೇಕೆ ಎಂಬ ಪ್ರಶ್ನೆಯು ಇಲ್ಲಿ ಅಡಗಿದೆ. ಒಬ್ಬನಿಗೆ ಅದು ಬೇಡವಾಗಿದ್ದೀತು, ಸಮಾಜಕ್ಕೆ ಬೇಕು. ಅಂಗೈಯಲ್ಲಿ ಒಂದೇ ಲಿಂಗವನ್ನು ಹಿಡಿದಾಗ ಗೌಡನ ಮಗನೂ ಗುದ್ದಲಿಯ ಕೈಯವನೂ ಸಮಾನರಾಗುವರು. ಪುರಾಣವನ್ನು ಸಮಾಜವು ಬರೆಯುವುದು, ಆ ಪುರಾಣವು ಮತ್ತೆ ಸಮಾಜವನ್ನು ಬರೆಯುವುದು ಎಂಬುದಕ್ಕೆ ಈ ಪಾಠಭೇದವೇ ಸಾಕ್ಷಿ.

ಪ್ರಭುಗಳೂ ಚೆನ್ನಬಸವಣ್ಣನವರೂ ಏರಿದ ಶೂನ್ಯಸಿಂಹಾಸನವು ಅವರ ತರುವಾಯ ಸಿದ್ಧರಾಮರಿಗೆ ಸಂದಿತು. ಅವರ ವಚನಗಳಲ್ಲಿ ಸಾವಿರಕ್ಕೂ ಮಿಕ್ಕವು ಉಳಿದು ಬಂದಿವೆ. ಕಡೆಗೆ ಸೊನ್ನಲಿಗೆಯಲ್ಲಿಯೇ ಅವರು ಲಿಂಗೈಕ್ಯರಾದರು. ಕೆರೆಯ ನೀರಿನಿಂದ ಸುತ್ತುವರಿದ ಗುಡಿಯ ಆವರಣದಲ್ಲಿ ಅವರ ಸಮಾಧಿಯು ಪೂಜೆಗೊಳ್ಳುತ್ತಿದೆ.

ಅವರ ನೆನಪನ್ನು ಹಸುರಾಗಿ ಇಟ್ಟಿರುವುದು ಮಕರಸಂಕ್ರಾಂತಿಯ ಗಡ್ಡಾ ಜಾತ್ರೆ. ಕುಂಬಾರರ ಕನ್ಯೆಯೊಬ್ಬಳು ಸಿದ್ಧರಾಮರನ್ನೇ ವರಿಸುವೆನೆಂದು ಹಟ ಹಿಡಿದಳು; ವಿರಕ್ತರಾದ ಅವರು ತಮ್ಮ ಯೋಗದಂಡವನ್ನು ವರಿಸಲು ಸಮ್ಮತಿಸಿದರು; ಇದು ಐತಿಹ್ಯ. ಇದರ ಸ್ಮರಣೆಗಾಗಿ ಏಳು ನಂದಿಧ್ವಜಗಳು ಹೊರಡುತ್ತವೆ. ಬಿಳಿಯ ಬಾರಾಬಂದಿಯನ್ನು ತೊಟ್ಟ ಭಕ್ತರು ಆ ಎತ್ತರವಾದ ಧ್ವಜಗಳನ್ನು ಹೊತ್ತು ನಡೆಯುವರು. ಮೊದಲ ದಿನ ಅರುವತ್ತೆಂಟು ಲಿಂಗಗಳಿಗೆ ಎಣ್ಣೆಮಜ್ಜನ; ಮರುದಿನ ಸಮ್ಮತಿಕಟ್ಟೆಯ ಬಳಿ ಅಕ್ಷತಾರೋಪಣೆ; ಮೂರನೆಯ ದಿನ ಹೋಮ. ಕನ್ನಡ, ಮರಾಠಿ, ತೆಲುಗುಗಳನ್ನು ನುಡಿಯುವ ಲಕ್ಷಾಂತರ ಜನರು ಅಲ್ಲಿ ಒಂದೇ ಮದುವೆಯ ಬಂಧುಗಳಾಗುತ್ತಾರೆ. ಧ್ವಜಗಳ ಸೇವೆಯೂ ಒಂದೇ ಜಾತಿಯವರಿಗೆ ಮೀಸಲಾಗಿಲ್ಲ.

ಐತಿಹ್ಯದ ಕೊನೆಯಲ್ಲಿ ಕನ್ಯೆಯು ಅಗ್ನಿಯನ್ನು ಪ್ರವೇಶಿಸಿದಳೆಂದಿದೆ. ಹೋಮದಲ್ಲಿ ಅವಳ ಪ್ರತಿಮೆಯನ್ನು ಅರ್ಪಿಸುವ ವಾಡಿಕೆಯೂ ಇದೆ. ಹೆಣ್ಣನ್ನು ಬೆಂಕಿಗೆ ಕೊಡುವುದು ಶರಣಧರ್ಮವಲ್ಲ. ಪುರುಷನಿಗೆ ಸಮನಾಗಿ ಸ್ತ್ರೀಗೂ ಲಿಂಗವನ್ನಿತ್ತ ಕಲ್ಯಾಣದ ಬೆಳಕಿನಲ್ಲಿಯೇ ಈ ಭಾಗವನ್ನು ಅರಿಯಬೇಕು. ಆಚರಣೆಯಿಂದ ಬಾಂಧವ್ಯವನ್ನು ಉಳಿಸಿಕೊಂಡು, ಅದರ ಅರ್ಥವನ್ನು ಅರಿವಿನಿಂದ ಶೋಧಿಸುವುದೇ ಅಲ್ಲಮರು ಸಿದ್ಧರಾಮರಿಗೆ ಕಲಿಸಿದ ಪಾಠ.

ಇಂದು ಒಡ್ಡರೆಂದು ಕರೆಯಲ್ಪಟ್ಟ ಭೋವಿ ಜನರು ಸಿದ್ಧರಾಮರನ್ನು ಕುಲಗುರುಗಳೆಂದು ಭಾವಿಸುತ್ತಾರೆ. ನೊಳಂಬ ಲಿಂಗಾಯತರೂ ಅವರನ್ನು ಗುರುಗಳೆಂದು ಆರಾಧಿಸುತ್ತಾರೆ. ಒಮ್ಮೆ ಹಳಿವಿನ ಮಾತಾಗಿದ್ದ ಹೆಸರು ಹೀಗೆ ಹೆಮ್ಮೆಯ ಹೆಸರಾಯಿತು. ಕಥೆಯು ಅನ್ನವಾಗಿ, ಪೂಜೆಯು ನೀರಾಗಿ, ಹಬ್ಬವು ಬಾಂಧವ್ಯವಾಗಿ ಮಾರ್ಪಟ್ಟರೆ ಮಾತ್ರ ಧರ್ಮವು ಲೋಕವನ್ನು ಧರಿಸುವುದು. ಮಠದ ಉತ್ಸವಗಳೂ ದಾಸೋಹವೂ ಈ ಹದದಲ್ಲಿ ನಡೆಯುವಂತೆ ಸೊನ್ನಲಿಗೆಯ ಶಿವಯೋಗಿಗಳ ಕೃಪೆಯು ಸದ್ಭಕ್ತರೆಲ್ಲರ ಮೇಲೆ ಇರಲಿ.